ಮೇಕೆ ಪುಸ್ತಕಗಳ ಹಿಂದೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಸಹಪಾಠಿ ವೆನಿಂಗ್ ಮೇಲೆ ನನಗಿದ್ದ ಹೊಟ್ಟೆಕಿಚ್ಚಂತೂ ಸುಳ್ಳಲ್ಲ. ವಿಶ್ವದ ಹುಟ್ಟಿನ ಬಗ್ಗೆ ನಾನು ಯಾವ ಪುಸ್ತಕ ಹುಡುಕಿದರೂ ಅದರ ಎರವಲು ಚೀಟಿಯಲ್ಲಿ ಅವಳ ಹೆಸರು ಮೊದಲೇ ಇರುತ್ತಿತ್ತು. ಅವಳು ಜ್ವರ ಬಂದು ದೂರದ ತನ್ನೂರು ಸೋಲೋಗೆ ಹೋದ ದಿನವೇ, ನಮ್ಮಿಬ್ಬರ ಪ್ರಬಂಧಕ್ಕೂ ಬೇಕಿದ್ದ ಪುಸ್ತಕದ ಒಂದೇ ಪ್ರತಿಯನ್ನು ಬಾಂಡುಂಗ್‌ನ ನಮ್ಮ ಗ್ರಂಥಾಲಯದಲ್ಲಿ ಮೇಕೆ ಸಾಕಣೆಯ ಪುಸ್ತಕಗಳ ಹಿಂದೆ ಬಚ್ಚಿಟ್ಟೆ. ಗಡುವು ಹತ್ತಿರ ಬಂತೆಂದರೆ ನಾವೆಲ್ಲ ಮಾಡುವ ಕಳ್ಳಾಟವೇ ಅದು. ಯಾರಿಗೂ ಬಾಯಿಬಿಡಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ತೆಗೆದು ನೋಡಿದರೆ ಪುಸ್ತಕ ಬೆಚ್ಚಗಿತ್ತು. ಜ್ವರಕ್ಕೆ ಹಚ್ಚುವ ನೀಲಗಿರಿ ಎಣ್ಣೆಯ ವಾಸನೆ ಹಾಳೆಹಾಳೆಯಲ್ಲೂ ಇತ್ತು. ಚೀಟಿಯಲ್ಲಿ ವೆನಿಂಗ್ ಹೆಸರು, ಅಂದಿನದೇ ತಾರೀಖು. ಮುದ್ರೆಯ ಶಾಯಿ ನನ್ನ ಬೆರಳಿಗೆ ಅಂಟಿತು.

"ಮುದ್ರೆ ಬೆಳಿಗ್ಗೆಯಿಂದ ನನ್ ಮೇಜಿನ್ ಮೇಲೇ ಇದೆ, ಇವತ್ತು ಒಂದು ನೊಣಾನೂ ಬಂದಿಲ್ಲ ಕಣಮ್ಮ," ಎಂದರು ಗ್ರಂಥಪಾಲಕಿ ಇಮಾಸ್ ಅಮ್ಮ.

ಸಂಜೆ ವೆನಿಂಗ್‌ಗೆ ಫೋನು ಮಾಡಿದೆ. ಹೆದರಿಕೆಗಿಂತ, ಎಲ್ಲಿಯವರೆಗೆ ಓದಿಬಿಟ್ಟಳೋ ಎಂಬ ಉರಿಯೇ ಹೆಚ್ಚಿತ್ತು.

"ನಾಲ್ಕು ದಿನದಿಂದ ಹಾಸಿಗೆ ಬಿಟ್ಟು ಎದ್ದೇ ಇಲ್ಲ ಕಣೇ," ಎಂದಳು. "ನಂಗಿನ್ನೂ ಒಂದು ಅಧ್ಯಾಯ ಬಾಕಿ ಇದೆ. ನಿಂದಾದ್ಮೇಲೆ ಆ ಮೇಕೆ ಪುಸ್ತಕಗಳ ಹಿಂದೇನೇ ಇಟ್ಬಿಡು."