ತಿರುಗದ ಹಡಗು

"ಚುಕ್ಕಾಣಿ ಕಳುವಾಗಿದೆ!"

ಮ್ಯೂಸಿಯಂನ ಹಡಗು ಕೋಣೆಗೆ ಕಾಲಿಡುತ್ತಿದ್ದಂತೆ ಮೇಲಧಿಕಾರಿ ಸಾಹೇಬರ ಕೂಗು ಗೈಡಮ್ಮನ ಕಿವಿಗೆ ಬಿತ್ತು. ಶಾಲಾ ಮಕ್ಕಳಿಗೆ ಮಾದರಿ ಹಡಗುಗಳನ್ನು ತೋರಿಸಿ ಇತಿಹಾಸ ಹೇಳುವುದು ಆಕೆಯ ಕೆಲಸ. ಬೆಳಗ್ಗೆ ಬೆಳಗ್ಗೆಯೇ ಇದೊಂದು ರಾಮಾಯಣ.

ಸಾಹೇಬರು ಗಾಜಿನ ಪೆಟ್ಟಿಗೆಯೊಳಗಿದ್ದ ಅತಿ ಹಳೆಯ ಕಾಲದ ಹಡಗಿನ ಹಿಂಭಾಗಕ್ಕೆ ಬೆರಳು ತೋರಿಸಿದರು. "ನೋಡಿ, ಬೋಳು! ಈಗಷ್ಟೇ ಯಾರೋ ಬಂದು ಚುಕ್ಕಾಣಿ ಎಲ್ಲಿ ಅಂತ ಕೇಳಿ ಮಾನ ಕಳೆದ್ರು. ನಿನ್ನೆ ಬಂದ ಮಕ್ಕಳದೇ ಕೆಲಸ. ನಾಳೆಯಿಂದ ಶಾಲೆಗಳಿಗೆ ಪ್ರವೇಶ ಇಲ್ಲ."

ಗೈಡಮ್ಮನಿಗೆ ರೇಗಿತು. ಮಕ್ಕಳಿಲ್ಲದಿದ್ದರೆ ಆಕೆಯ ಕೆಲಸವೂ ಇಲ್ಲ. "ಸಂಜೆವರೆಗೆ ಟೈಮ್ ಕೊಡಿ ಸರ್."

ಬೀಗ ಸರಿಯಾಗಿತ್ತು. ಆಕೆ ಹಿಂಭಾಗ ಬಿಟ್ಟು ಬಲಮಗ್ಗುಲಿಗೆ ಬಂದು ಬಗ್ಗಿದಳು. ಅಲ್ಲಿರಬೇಕಾದ ಮರದ ಅಗಲ ಹುಟ್ಟು ಮಾಯ. ಅದನ್ನು ಸಿಕ್ಕಿಸುವ ತೂತಿಗೆ ಯಾರೋ ಮೇಣ ತುಂಬಿ ಬಣ್ಣ ಬಳಿದಿದ್ದರು.

"ನಿನ್ನೆ ಎರಡು ಜಡೆ ಹುಡುಗಿ ಗಾಜಿಗೆ ಮೂಗು ಒತ್ಕೊಂಡು ನಿಂತಿದ್ಲು ಮೇಡಂ," ಎಂದ ಕಾವಲುಗಾರ. "ಬ್ಯಾಗಲ್ಲಿ ಮರದ ಕಡ್ಡಿನೂ ಇತ್ತು."

\* \* \*

ಶಾಲೆಯಲ್ಲಿ ಆ ಹುಡುಗಿ ಬ್ಯಾಗು ಸುರಿದಳು. ಬರೀ ಐಸ್ ಕ್ಯಾಂಡಿ ಕಡ್ಡಿಗಳು.

"ದೋಣಿ ಮಾಡೋಕೆ ಮಿಸ್."

"ನಮ್ಮ ಹಡಗಿಂದ ಏನಾದ್ರೂ ತೆಗೆದ್ಯಾ?"

"ಇಲ್ಲಪ್ಪ! ಈ ಹಡಗು ತಿರುಗೋದು ಹೇಗೆ, ತಿರುಗಿಸೋಕೆ ಏನೂ ಇಲ್ವಲ್ಲ ಅಂತ ನಾನು ಕೇಳಿದ್ದೆ. ಕಣ್ಣು ಬಿಟ್ಟು ನೋಡು ಅಂತ ಬೈದ್ರಿ. ನೀವು ಮಾತ್ರ ಹಿಂದೆ ತಿರುಗಿನೂ ನೋಡ್ಲಿಲ್ಲ."

ಗೈಡಮ್ಮ ಇಂಗು ತಿಂದ ಮಂಗನಂತಾದಳು. ದಿನಾ ಹಡಗಿಗೆ ಬೆನ್ನು ಹಾಕಿ, ಮಕ್ಕಳತ್ತ ಮುಖ ಮಾಡಿ ಒದರುವುದೇ ರೂಢಿ. ಅಂದರೆ ಮಕ್ಕಳು ಬರುವ ಮೊದಲೇ ಹುಟ್ಟು ಹೋಗಿತ್ತು! ನಾಚಿಕೆಯಾಯಿತು.

\* \* \*

"ಬೀಗದ ಕೈ ಯಾರ ಹತ್ರ ಇರುತ್ತೆ ಸರ್?"

"ನನ್ನ ಹತ್ರ ಮಾತ್ರ."

"ಕದಿಯೋ ಮಕ್ಕಳು ತೂತು ಮುಚ್ಚಿ ಬಣ್ಣ ಬಳಿದು ಹೋಗ್ತಾರಾ?"

"ಬಲಗಡೆ ತೂತಾ? ಅದನ್ನ ನಾನೇ ಮುಚ್ಚಿಸಿದ್ದು. ಅಲ್ಲೊಂದು ಹುಟ್ಟು ಇತ್ತು, ಎಡಗಡೆ ಜೋಡಿನೇ ಇಲ್ಲ. ಒಂದೇ ಕಿವಿಗೆ ಓಲೆ ಹಾಕಿದ ಹಾಗೆ ಅಸಹ್ಯವಾಗಿತ್ತು. ಹೋದ ವಾರ ಕಿತ್ತಿಟ್ಟೆ." ಸಾಹೇಬರು ಡ್ರಾಯರ್ ಎಳೆದು ಹೆಮ್ಮೆಯಿಂದ ಹುಟ್ಟನ್ನು ಎತ್ತಿ ಹಿಡಿದರು.

"ಅಯ್ಯೋ ಸರ್, ಅದೇ ಚುಕ್ಕಾಣಿ! ಆ ಹಡಗನ್ನ ಬಲಮಗ್ಗುಲಿಗೆ ಕಟ್ಟಿದ ಒಂದೇ ಹುಟ್ಟಿಂದ ತಿರುಗಿಸ್ತಿದ್ರು. ಹಿಂದುಗಡೆ ಚುಕ್ಕಾಣಿ ಬಂದಿದ್ದು ಎಷ್ಟೋ ಕಾಲದ ಮೇಲೆ. ನೀವೇ ಕಿತ್ತು, ನೀವೇ ಹುಡುಕಿ, ಮಕ್ಕಳ ಮೇಲೆ ಗೂಬೆ ಕೂರಿಸಿದ್ರಿ!"

ಸಾಹೇಬರು ಹುಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅದು ಸರಿ. ಹಾಗಾದ್ರೆ ಹಿಂದುಗಡೆ ಚುಕ್ಕಾಣಿ ಎಲ್ಲಿ ಹೋಯ್ತು?"

ಗೈಡಮ್ಮ ಹಣೆ ಚಚ್ಚಿಕೊಂಡಳು.

"ನಾಳೆ ಆ ಶಾಲೆ ಮಕ್ಕಳನ್ನ ಮತ್ತೆ ಕರೆದಿದ್ದೀನಿ ಸರ್. ನೀವೂ ಬಂದು ಸಾಲಲ್ಲಿ ನಿಂತ್ಕೊಳ್ಳಿ. ಎರಡು ಜಡೆ ಹುಡುಗಿ ಹಿಂದೆ."