ಟಾರ್ಚು ಬಂದ ಸಂಜೆ

“ಇನ್ನೂ ಸ್ವಲ್ಪ ನಗು ಪುಟ್ಟೀ! ಟಾರ್ಚು ಕಾಣೋ ಹಾಗೆ ಮೇಲಕ್ಕೆ ಹಿಡ್ಕೋ. ಹಾಂ, ಹಾಗೆ!”

ಕ್ಯಾಮೆರಾದವರು ಒಂದಾದ ಮೇಲೊಂದು ಫೋಟೋ ಹೊಡೆದರು. ಹಲ್ಲು ಕಿರಿದೂ ಕಿರಿದೂ ಗುಬ್ಬಿಯ ದವಡೆ ನೋಯತೊಡಗಿತು.

ಕರೆಂಟಿನ ಕಂಬ ಆ ಊರಿನ ತನಕ ಬಂದೇ ಇರಲಿಲ್ಲ. ಅದಕ್ಕೇ ಪೇಟೆಯವರು ವ್ಯಾನಿನ ತುಂಬ ಸೋಲಾರ್ ಟಾರ್ಚು ತಂದು ಶಾಲೆಯ ಮಕ್ಕಳಿಗೆ ಹಂಚುತ್ತಿದ್ದರು.

“ಬಿಸಿಲಲ್ಲಿ ಇಡು, ಕತ್ತಲಾದ ಮೇಲೆ ಬಟನ್ ಒತ್ತು. ಅಷ್ಟೇ,” ಎಂದಳು ವ್ಯಾನಿನಲ್ಲಿ ಬಂದಿದ್ದ ಅಕ್ಕ. “ಏನು ಓದ್ತೀಯ ಇದರಲ್ಲಿ?”

“ಓದೋದು ಆಮೇಲೆ ಅಕ್ಕಾ. ಮೊದಲು ನಮ್ಮಜ್ಜಿಗೆ. ಬುಡ್ಡಿ ದೀಪದಲ್ಲಿ ಅವಳಿಗೆ ಸೂಜಿಗೆ ದಾರ ಪೋಣಿಸೋಕೇ ಆಗ್ತಿಲ್ಲ.”

ಸುಳ್ಳಲ್ಲ. ಅಮ್ಮ ಬೆಳಕು ಹರಿಯುವ ಮುಂಚೆಯೇ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೇ ಬರುವುದು. ಹಗಲೆಲ್ಲ ಪುಟ್ಟ ತಮ್ಮನನ್ನು ನೋಡಿಕೊಳ್ಳುವ ಅಜ್ಜಿಗೆ ಹೊಲಿಗೆಗೆ ಪುರುಸೊತ್ತು ಸಿಗುತ್ತಿದ್ದದ್ದು ಸಂಜೆ ಮಾತ್ರ. ಹೋದ ವಾರ ಅವಳು ಗುಬ್ಬಿಯ ಯೂನಿಫಾರ್ಮಿನ ಜೇಬಿನ ಬಾಯನ್ನೇ ಹೊಲಿದುಬಿಟ್ಟಿದ್ದಳು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು.

“ಆ ಹಾಳು ಬುಡ್ಡಿ! ಹೊಗೆ ಜಾಸ್ತಿ, ಬೆಳಕು ಕಮ್ಮಿ!” ಎಂದು ಅಜ್ಜಿ ದೀಪವನ್ನು ಬೈದಿದ್ದಳು.

ಮಧ್ಯಾಹ್ನವೆಲ್ಲ ಟಾರ್ಚು ಶಾಲೆಯ ಅಂಗಳದಲ್ಲಿ ಬಿಸಿಲು ಕಾಯಿತು. ಸಂಜೆ ಅಮ್ಮ ಬರುವುದನ್ನೇ ಗುಬ್ಬಿ ಕಾಯುತ್ತಿದ್ದಳು. ಮೈತುಂಬ ಕೆಂಪು ಧೂಳು ಹೊತ್ತು ಅಮ್ಮ ಬಾಗಿಲಲ್ಲಿ ಕಾಣಿಸಿದ್ದೇ ತಡ, ಕೂಗಿದಳು.

“ಅಜ್ಜೀ, ರೆಡಿನಾ? ಸೂಜಿ ತಗೋ!”

ಬಟನ್ ಒತ್ತಿದಳು.

ಇಡೀ ಕೋಣೆ ಒಮ್ಮೆಗೇ ಬೆಳ್ಳಗಾಯಿತು. ಗೋಡೆಯ ಮಸಿ, ಪಾತ್ರೆಗಳ ನೆಗ್ಗು, ಮೂಲೆಯ ಜೇಡರ ಬಲೆ ಎಲ್ಲ ಕಂಡವು. ತಮ್ಮ ಬೆರಳು ಚೀಪುವುದನ್ನೇ ಮರೆತು ಕೂತ. ಅವನ ಹಣೆಯ ಮೇಲೆ ನೀಲಿಗಟ್ಟಿದ ಬುಗುಟೆಯೊಂದು ಎದ್ದಿತ್ತು.

ಅಜ್ಜಿ ಸೂಜಿ ಹಿಡಿದು ಬಾಗಿಲ ಕಡೆ ಮುಖ ಮಾಡಿ ನಗುತ್ತಿದ್ದಳು.

“ಹಚ್ಚೇ ಗುಬ್ಬೀ. ಎಷ್ಟು ಹೊತ್ತು ಕಾಯಿಸ್ತೀಯ?”

ತಮಾಷೆಯಿರಬೇಕು ಎಂದುಕೊಂಡಳು ಗುಬ್ಬಿ. ಟಾರ್ಚನ್ನು ಅಜ್ಜಿಯ ಮುಖದ ಹತ್ತಿರ ತಂದಳು. ಅಜ್ಜಿಯ ರೆಪ್ಪೆ ಮಿಸುಕಲಿಲ್ಲ.

ಯಾರೂ ಮಾತಾಡಲಿಲ್ಲ. ಆಗ ಅಜ್ಜಿಯ ನಗು ಮೆಲ್ಲಗೆ ಇಳಿಯಿತು.

“ಹಚ್ಚಾಯ್ತಾ?” ಎಂದಳು ಸಣ್ಣ ದನಿಯಲ್ಲಿ.

ಅಮ್ಮ ಅಜ್ಜಿಯ ಮುಂದೆ ಬಂದು ಕೂತಳು. “ಯಾವಾಗಿಂದಮ್ಮಾ ಇದು?”

“ಬೇಸಿಗೇಲಿ ಮಬ್ಬು ಮಬ್ಬಾಗಿತ್ತು. ಈಗ ಅದೂ ಇಲ್ಲ.”

“ಹೇಳೋಕೇನಾಗಿತ್ತು? ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ!”

“ಹೇಳಿದ್ರೆ ಮಗೂನ ನನ್ನ ಹತ್ರ ಬಿಟ್ಟು ಹೋಗ್ತಿದ್ಯಾ?”

ಅಮ್ಮ ತಮ್ಮನನ್ನು ಎಳೆದುಕೊಂಡು ಹಣೆ ಸವರಿದಳು. ಆಮೇಲೆ ಅವಳ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ಶಾಲೆಯ ಚೀಲದ ಮೇಲೆ ಹೋಗಿ ನಿಂತಿತು. ಗುಬ್ಬಿ ನೋಡುತ್ತಿದ್ದಾಳೆಂದು ತಿಳಿದದ್ದೇ, ತಟ್ಟನೆ ಬೇರೆ ಕಡೆ ತಿರುಗಿದಳು.

“ನಾಳೆಯಿಂದ ಮಗೂನ ನೋಡ್ಕೊಳ್ಳೋಕೆ...” ಎಂದವಳು ಮುಂದೆ ಹೇಳಲಾರದೆ ನಿಲ್ಲಿಸಿದಳು.

ಗುಬ್ಬಿ ಅಜ್ಜಿಯ ಕಡೆ ತಿರುಗಿದಳು. “ಅಜ್ಜೀ, ಕಣ್ಣು ಕಾಣದೆ ಇವನನ್ನ ಹೇಗೆ ಹಿಡೀತಿದ್ದೆ?”

“ಒಂದು ಬಟ್ಟೆ ತಗೊಂಡು, ಅವನ ಸೊಂಟಕ್ಕೂ ನನ್ನ ಸೊಂಟಕ್ಕೂ ಸೇರಿಸಿ ಕಟ್ಕೋತಿದ್ದೆ. ಇವತ್ತು ಅದು ಹೇಗೋ ಬಿಚ್ಚಿಹೋಯ್ತು.”

“ದಿನ ಪೂರ್ತಿನಾ?”

“ನೀನು ಶಾಲೆಯಿಂದ ಬರೋ ತನಕ. ನಿನ್ನ ಹೆಜ್ಜೆ ಸದ್ದು ಕೇಳಿದ್ಮೇಲೆ ಬಿಚ್ತಿದ್ದೆ.”

ಗುಬ್ಬಿ ಅಜ್ಜಿಯ ಕೈಯಿಂದ ಸೂಜಿ ಬಿಡಿಸಿಕೊಂಡು ಪಕ್ಕಕ್ಕಿಟ್ಟಳು. ಬರಿದಾದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಅವಳಿಗೆ ಒತ್ತಿ ಕೂತಳು.