ಬುಟ್ಟಿಯ ಹೊರಗುಳಿದ ಹೇಂಟೆ

ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ದೇವಕ್ಕ ಹೊಸ್ತಿಲಲ್ಲೇ ನಿಂತಳು.

ಮುಗದದಲ್ಲಿ ತಂಗಿಯ ಕೂಸಿನ ತೊಟ್ಟಿಲ ಕಾರ್ಯ ಮುಗಿಸಿ, ಬೆಳಗ್ಗೆ ಮೇವಿನ ಕಣಕಿ ಹೇರಿದ ಗಾಡಿ ಹತ್ತಿ, ಆಗಷ್ಟೇ ಧಾರವಾಡದ ಹೆಬ್ಬಳ್ಳಿ ಅಗಸಿಯಲ್ಲಿ ಇಳಿದು ಬಂದಿದ್ದಳು. ಊರಲ್ಲಿ ಕಾಲರಾ. ಗಲ್ಲಿಯ ಮನೆಗಳೆಲ್ಲ ಅಗುಳಿ ಹಾಕಿಕೊಂಡು ಕೂತಿದ್ದವು. ಅಂಥದರಲ್ಲಿ ದೊಡ್ಡವ್ವ ಗುಡ್ಡವ್ವ ಬಾಗಿಲು ತೆರೆದಿಟ್ಟು ಮಲಗುವ ಹೆಂಗಸಲ್ಲ.

"ದೊಡ್ಡವ್ವಾ!"

ಉತ್ತರವಿಲ್ಲ. ಛಪ್ಪರದಡಿಯ ಎರಡು ದೊಡ್ಡ ಬುಟ್ಟಿಗಳ ಕೆಳಗೆ ಕೋಳಿಗಳು ಹಸಿದು ಗದ್ದಲ ಹಾಕುತ್ತಿದ್ದವು. ಗುಡ್ಡವ್ವ ಬೇವಿನ ಮರದ ಬುಡದಲ್ಲಿ ಬೋರಲು ಬಿದ್ದಿದ್ದಳು. ಹಿಂದಿನ ಸಂಜೆಯ ಅಡ್ಡಮಳೆಯಲ್ಲಿ ಸೀರೆ ತೊಯ್ದು ಮೈಗಂಟಿತ್ತು. ತಲೆಯ ಹಿಂಭಾಗ ಜಜ್ಜಿಹೋಗಿತ್ತು. ಪಕ್ಕದಲ್ಲೇ ಒನಕೆ.

ತಾಯಿ ಸತ್ತ ಮೇಲೆ ದೇವಕ್ಕನನ್ನು ಸಾಕಿದ ಜೀವ ಅದು. ಅವಳು ಗೋಡೆ ಹಿಡಿದು ಕೂತುಬಿಟ್ಟಳು.

*

ಪೊಲೀಸ್ ಜಮಾದಾರ ಯಮನಪ್ಪ ಬಂದ. ಹೆಸರು ಯಮನದಾದರೂ ಹೆಣ ಕಂಡರೆ ಅವನಿಗೂ ಅಳುಕೇ. ಆದರೆ ಕಣ್ಣು ಚುರುಕು. ಹೆಣ ಎತ್ತಿಸಿದ ಕೂಡಲೇ ಬಗ್ಗಿ ನೆಲ ಮುಟ್ಟಿ ನೋಡಿದ.

"ಸುತ್ತ ರಾಡಿ ಐತಿ. ಅಡಿಯಾಗ ಮಣ್ಣು ಒಣಗೇ ಐತಿ. ಮಳಿ ಬರೂಕಿಂತ ಮೊದಲ ಹೊಡದಾರ."

ಮಳೆಗೆ ಮುಂಚೆ ಈ ಮನೆಗೆ ಬಂದವನು ಒಬ್ಬನೇ ಎಂದಿತು ಗಲ್ಲಿ. ಕೋಳಿ ವ್ಯಾಪಾರದ ಮಕಬೂಲಸಾಬ. ಗುಡ್ಡವ್ವನ ಕೋಳಿ ಎಂದರೆ ಸಾಹೇಬರ ಬಂಗಲೆಗಳ ಬಟ್ಲರರು ಬಾಯಿ ಬಿಡುತ್ತಿದ್ದರು. ಕಟ್ಟಿ ಹಾಕದೆ, ಗೂಡಲ್ಲಿ ಕೂಡಿ ಹಾಕದೆ, ತಿಪ್ಪೆ, ಹೊಲದ ಬದು ಸುತ್ತಿ ಹುಳ ಹೆಕ್ಕಿ ತಿಂದು ಬೆಳೆದ ಕೋಳಿ. ಅದರ ಮಾಂಸದ ರುಚಿಯೇ ಬೇರೆ. ಮಕಬೂಲಸಾಬ ಅವಳ ಕೆಂಪು ಹುಂಜ ಬೇಕೇ ಬೇಕೆಂದು ಜಗಳ ತೆಗೆದದ್ದನ್ನು ಎಲ್ಲರೂ ಕೇಳಿದ್ದರು. ಆ ಹುಂಜ ಈಗ ಅವನ ಮನೆಯಲ್ಲೇ ಸಿಕ್ಕಿತು.

"ಕಡೀಕ ತಾನ ಒಪ್ಪಿ ಕೊಟ್ಟಾಳ್ರಿ, ಖರೇನ ಹೇಳ್ತೇನಿ," ಎಂದು ಅವನು ಗೋಗರೆದ. ಯಾರೂ ನಂಬಲಿಲ್ಲ. ಪೊಲೀಸರು ಕೈಗೆ ಹಗ್ಗ ಬಿಗಿದು ಒಯ್ದರು.

ಅವನ ಹೆಂಡತಿ ರೆಹಮತ್‌ಬಿ ಓಡಿಬಂದು ದೇವಕ್ಕನ ಕಾಲು ಹಿಡಿದಳು. "ಅಕ್ಕಾ, ಗಲ್ಲಿಗೇರಸ್ತಾರಂತ. ಅವರು ಕೋಳಿ ಕೊಯ್ಯಾವ್ರು ಖರೆ. ಮನುಷ್ಯಾರ ಮ್ಯಾಲ ಕೈ ಎತ್ತಾವ್ರಲ್ಲ. ನೀನ ಒಂದ ಮಾತು ಹೇಳು."

ಏನು ಹೇಳುವುದು? ದೇವಕ್ಕನಿಗೆ ಏನೂ ಗೊತ್ತಿರಲಿಲ್ಲ. ಅವಳು ಬಗ್ಗಿ ರೆಹಮತ್‌ಬಿಯನ್ನು ಎತ್ತಿ ನಿಲ್ಲಿಸಿದಳು.

*

ಹೆಣ ಹೋಯಿತು, ಜನ ಕರಗಿದರು. ಕೋಳಿಗಳಿಗೆ ಸಾವು ನೋವು ತಿಳಿಯುತ್ತದೆಯೇ? ಹಸಿವೆ ತಿಳಿಯುತ್ತದೆ. ದೇವಕ್ಕ ಬುಟ್ಟಿ ಎತ್ತಲು ಹೋದವಳು ಹಾಗೇ ನಿಂತುಬಿಟ್ಟಳು.

ಛಪ್ಪರದ ನೆಲದ ತುಂಬ ಕೋಳಿಗಳ ಕೆಸರುಗಾಲಿನ ಗುರುತು. ಎಲ್ಲವೂ ಬುಟ್ಟಿಯ ಕಡೆಗೆ.

ಕೆಸರಾದದ್ದು ಮಳೆ ಬಂದ ಮೇಲೆ. ದೊಡ್ಡವ್ವ ಬಿದ್ದದ್ದು ಮಳೆಗೆ ಮೊದಲು. ಹಾಗಾದರೆ ಕೋಳಿ ಮುಚ್ಚಿದವರು ಯಾರು?

ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಹೆಣ ಕಂಡೂ ಯಾರನ್ನೂ ಕರೆಯದವರು ಕೊಂದವರೇ ಇರಬೇಕು, ಅವರು ಇಲ್ಲೇ ನಿಂತಿದ್ದರು. ಹೆಣದ ಎದುರಿಗೇ ಕೋಳಿ ಕರೆದು, ಬುಟ್ಟಿ ಬೋರಲು ಹಾಕಿ, ಮೇಲೆ ಕಲ್ಲು ಹೇರಿ ಹೋಗಿದ್ದರು.

ಅಷ್ಟರಲ್ಲಿ ಬುಟ್ಟಿಯ ಆಚೆ ಮಗ್ಗುಲಲ್ಲಿ ಏನೋ ಅಲುಗಿತು. ಒಂದು ಹೇಂಟೆ. ಬುಟ್ಟಿಗೆ ಒತ್ತಿಕೊಂಡು ಮುದುಡಿ ಕೂತಿತ್ತು. ಪುಕ್ಕವೆಲ್ಲ ಒದ್ದೆ. ಹೋದ ವಾರ ಮುಂಗುಸಿ ಕಚ್ಚಿದ್ದ ಹೇಂಟೆ ಅದು. ದೇವಕ್ಕನೇ ಎಣ್ಣೆಯಲ್ಲಿ ಅರಿಶಿನ ಕಲಸಿ ಗಾಯಕ್ಕೆ ಮೆತ್ತಿ, ತನ್ನ ಹಳೆಯ ಹಸಿರು ಸೀರೆಯ ಚೂರು ಕಟ್ಟಿದ್ದಳು.

ಅದರ ಕಾಲಗುರುತೂ ಉಳಿದವುಗಳ ಜೊತೆಗೇ ಬಂದಿತ್ತು. ಆಮೇಲೆ ಬುಟ್ಟಿಯ ಸುತ್ತ ಸುತ್ತಿತ್ತು. ಅದು ತಪ್ಪಿಸಿಕೊಂಡು ಹೊರಗುಳಿದಿರಲಿಲ್ಲ. ಬುಟ್ಟಿ ಮುಚ್ಚಿದವರೇ ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ.

ಯಾಕೆ?

ಹೇಂಟೆಯನ್ನು ಬಿಸಿಲಿಗೆ ಹಿಡಿದು, ಹೊಸ ಕಣ್ಣಿನಿಂದ ನೋಡಿದಳು. ಮೈಮೇಲೆ ಅರಿಶಿನ. ಅದರ ಮೇಲೆ ಹೆಪ್ಪುಗಟ್ಟಿದ ರಕ್ತ, ಥೇಟು ಕುಂಕುಮ. ಹಸಿರು ಅರಿವೆ. ಬೇನೆ ಬಂದಾಗ ಜನ ಹೀಗೇ ಕೋಳಿಗೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಉಡಿಸಿ ಗಡಿಯಾಚೆ ಬಿಟ್ಟು ಬರುತ್ತಾರೆ. ಕೋಳಿಯ ಜೊತೆ ಬೇನೆಯೂ ಹೋಗುತ್ತದೆಂಬ ನಂಬಿಕೆ. ಆ ಕೋಳಿ ಯಾರ ಅಂಗಳ ಹೊಕ್ಕರೆ ಬೇನೆ ಅವರ ಮನೆಗೆ.

ಅರಿವೆ ಕಟ್ಟಿದ ಮೇಲೆ ಈ ಹೇಂಟೆ ಗೋಡೆ ಹಾರಿ ಆಚೆ ಮನೆಗೆ ಹೋಗಿತ್ತು. ಅವಳೇ ಹಿಡಿದು ತಂದಿದ್ದಳು. ಅದೇ ಸಂಜೆ ಆ ಮನೆಯ ಕೂಸಿಗೆ ವಾಂತಿ ಶುರುವಾಗಿತ್ತು. ಕೂಸು ಉಳಿದಿರಲಿಲ್ಲ.

*

"ಕೋಳಿ ಮಕಬೂಲಸಾಬನ ಮುಚ್ಚಿರಬೇಕು ಬಿಡವಾ," ಎಂದ ಯಮನಪ್ಪ, ದೇವಕ್ಕ ಕರೆತಂದು ತೋರಿಸಿದ ಕಾಲಗುರುತು ನೋಡಿ.

"ಅವ ಬಂದರ ಕೋಳಿ ಮಾಳಗಿ ಏರತಾವ್ರಿ. ಕಾಲ ಹಿಡದ ಜೋತು ಬಿಟಗೊಂಡ ಒಯ್ಯಾವ ಅವ. ಅವನ ದನಿ ಕೇಳಿದರ ಸಾಕು, ಒಂದೂ ನೆಲಕ್ಕ ಇಳಿಯೂದಿಲ್ಲ. ಬಾ ಬಾ ಅಂದ್ರ ಬರೂದು, ಕಾಳು ಹಾಕಿದವ್ರಿಗೆ ಅಷ್ಟ."

ಜಮಾದಾರ ಅವಳನ್ನು ದಿಟ್ಟಿಸಿ ನೋಡಿದ. "ಕಾಳು ಹಾಕಾಕಿ ನೀನ ಅಲ್ಲೇನು?"

ದೇವಕ್ಕ ಹೆಣೆದ ಬಲೆ ಅವಳ ಮೇಲೇ ಬಿದ್ದಿತ್ತು.

"ಮುಗದದಾಗ ಇದ್ನಿರಿ. ಕೇಳಸ್ರಿ," ಎಂದಳು. "ಇನ್ನೊಬ್ಬಾಕಿ ಅದಾಳ್ರಿ. ನಾವು ಸಂತಿಗೆ ಹೋದಾಗೆಲ್ಲ ಆಕೀನ ಕಾಳು ಹಾಕತಿದ್ಲು." ಗೋಡೆಯಾಚೆ ಕೈ ತೋರಿಸಿದಳು.

ಯಮನಪ್ಪ ಗೋಡೆ ನೋಡಿದ, ಹೇಂಟೆ ನೋಡಿದ. ಟೋಪಿ ಸರಿ ಮಾಡಿಕೊಂಡ. "ಕೋಳಿ ತಗೋ. ನಾ ಬಾಗಲದಾಗ ಇರತೇನಿ. ಅಂಜಬ್ಯಾಡ."

ಅಂಜಬೇಡ ಎಂದರೆ ಅಂಜಿಕೆ ಹೋಗುವಂತಿದ್ದರೆ! ತನ್ನ ಊಹೆ ಸುಳ್ಳಾದರೆ, ಕೂಸು ಕಳೆದುಕೊಂಡ ಮನೆಗೆ ಬೇನೆಯ ಕೋಳಿ ಹೊತ್ತುಕೊಂಡು ಹೋದಂಥ ಪಾಪ. ನಿಜವಾದರೆ ಒನಕೆ ಎತ್ತಿದ ಕೈ ಅದು. ಯಾವುದು ಹೆಚ್ಚು ಕೆಟ್ಟದ್ದೆಂದು ಅವಳಿಗೆ ತಿಳಿಯಲಿಲ್ಲ.

*

ಆಚೆ ಮನೆಯ ಬಾಳವ್ವ ಖಾಲಿ ತೊಟ್ಟಿಲ ಹಗ್ಗ ಹಿಡಿದು ಪಡಸಾಲೆಯಲ್ಲಿ ಕೂತಿದ್ದಳು. ಮೊಮ್ಮಗಳನ್ನು ಮಣ್ಣು ಮಾಡಿದ ಮೇಲೆ ಮಗ ಸೊಸೆ ಊರು ಬಿಟ್ಟಿದ್ದರು.

"ಚಿಗವ್ವಾ," ಎಂದು ದೇವಕ್ಕ ಹೊಸ್ತಿಲ ಮೇಲೆ ನಿಂತಳು. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಹೇಂಟೆಯನ್ನು ಹೊರಗೆ ತೆಗೆದಳು.

ಬಾಳವ್ವ ಕಿಟಾರನೆ ಕಿರುಚಿ ಗೋಡೆಗೆ ಅಂಟಿಕೊಂಡಳು. "ತರಬ್ಯಾಡ! ಮತ್ತ ಒಳಗ ತರಬ್ಯಾಡ ಅದನ್ನ! ಒಂದ ಸಲ ಬಂದಿದ್ದ ಸಾಕು!"

"ಅದಕ್ಕ ಇದನ್ನ ಮಳ್ಯಾಗ ಬಿಟ್ಟಿ?"

"ಹೂಂ! ಮುಟ್ಟಿದ್ರ ನಾನೂ…"

ಮಾತು ಅಲ್ಲಿಗೇ ನಿಂತಿತು. ಬಾಗಿಲಲ್ಲಿ ಯಮನಪ್ಪನ ನೆರಳು ಬಿದ್ದಿತ್ತು.

ಬಾಳವ್ವ ಓಡಲಿಲ್ಲ. ಇದ್ದಲ್ಲೇ ಕುಸಿದು ಕೂತಳು.

"ಕೇಳಾಕ ಹೋಗಿದ್ನಿ," ಎಂದಳು. "ಮಾಟ ಮಾಡಿ ಕೋಳಿ ಯಾಕ ಬಿಟ್ಟಿ ಅಂತ. ಅಕಿ ನಕ್ಕಳು. ನನ್ನ ಕೋಳಿ ಬಿಟ್ಟ ಸಾಕಿದ್ದು, ಎಲ್ಲಿ ಬೇಕಾದ್ರೂ ಹೋಗತಾವು ಅಂದ್ಲು. ಒನಕಿ ಅಲ್ಲೇ ಇತ್ತು."

"ಮತ್ತ ಉಳಿದ ಕೋಳಿ ಯಾಕ ಮುಚ್ಚಿದಿ?" ಜಮಾದಾರ ಕೇಳಿದ.

ಬಾಳವ್ವ ತನ್ನ ಕೈಗಳನ್ನೇ ನೋಡಿಕೊಂಡಳು. "ಮಳಿ ಬಂತ್ರಿ. ಎಲ್ಲಾ ಓಡಿ ಬಂದು ನನ್ನ ಕಾಲಾಗ ಸುತ್ತಿದ್ವು. ಮರಿ ತೊಯ್ತಾವಲ್ಲ ಅನಿಸ್ತು."

ಪಕ್ಕದಲ್ಲೇ ದೊಡ್ಡವ್ವ ತೊಯ್ಯುತ್ತಿದ್ದಳು. ದೇವಕ್ಕ ಬಾಳವ್ವನ ಎದುರು ಕೂತು ಹಸಿರು ಅರಿವೆಯ ಗಂಟು ಬಿಚ್ಚಿದಳು. ಅರಿಶಿನದ ಹೆಕ್ಕಳಿಕೆ ಉದುರಿ, ರೆಕ್ಕೆಯ ಬುಡದಲ್ಲಿ ಹಲ್ಲು ನಟ್ಟ ಗಾಯ ಕಂಡಿತು.

"ಮುಂಗಲಿ ಹಿಡದಿತ್ತು, ಚಿಗವ್ವಾ. ಗಾಯಕ್ಕ ಅರಿಷಿಣ ಹಚ್ಚಿದಾಕಿ ನಾನು. ಅರಿವಿ ಕಟ್ಟಿದಾಕಿನೂ ನಾನು. ದೊಡ್ಡವ್ವ ಏನೂ ಮಾಡಿದ್ದಿಲ್ಲ."

ಬಾಳವ್ವ ಬಗ್ಗಿ ಗಾಯ ನೋಡಿದಳು.

ಯಮನಪ್ಪ ಹೊರಗಿದ್ದ ಶಿಪಾಯಿಗೆ ಮೆಲ್ಲಗೆ, "ಹೋಗು, ಮಕಬೂಲಸಾಬನ್ನ ಬಿಡಾಕ ಹೇಳು," ಎಂದ. ಗಲ್ಲಿಯಲ್ಲಿ ರೆಹಮತ್‌ಬಿ ಅಳುವುದು ಕೇಳಿಸಿತು.

ಬಾಳವ್ವ ತಲೆಯೆತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಹಂಗಾದ್ರ," ಎಂದು ಕೇಳಿದಳು, "ನನ್ನ ಕೂಸನ್ನ ಯಾರ ಒಯ್ದ್ರು?"

ಯಮನಪ್ಪ ಬೇಡಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದ. ದೇವಕ್ಕ ಹಸಿರು ಅರಿವೆಯನ್ನು ಮತ್ತೆ ಹೇಂಟೆಯ ಗಾಯಕ್ಕೆ ಸುತ್ತತೊಡಗಿದಳು.